ದೊರೆಯ ಮಾತಿಗೆ ಅಕ್ಷರ ಯಾವಾಗ?

ಕಡಲೆಗೆರೆಯ ದೊರೆ ವೀರಮಾರ್ತಾಂಡನಿಗೆ ತನ್ನ ಮುಖ ತಾನೇ ನೋಡಿಕೊಳ್ಳುವ ಹುಚ್ಚು. ಊರಿನ ಚೌಕಗಳಲ್ಲೆಲ್ಲ ದೊಡ್ಡ ವಿಡಿಯೊ ಪರದೆ ಹಾಕಿಸಿ, ಅಪ್ಪಣೆಗಳನ್ನೆಲ್ಲ ಅದರಲ್ಲೇ ಹೊರಡಿಸುತ್ತಿದ್ದ. "ನನ್ನ ಮಾತು ಮುಟ್ಟದ ಪ್ರಜೆಯೇ ಈ ರಾಜ್ಯದಲ್ಲಿಲ್ಲ" ಎಂದು ಮೀಸೆ ತಿರುವುತ್ತಿದ್ದ.

ಪರದೆಯ ಮೇಲೆ ಅವನ ಮುಖ ಮೂಡಿದ ಕೂಡಲೇ ಗೌರವಕ್ಕೆಂದು ನಗಾರಿ, ಕಹಳೆ ಮೊಳಗಬೇಕು. ಮುಖ ಮರೆಯಾಗುವವರೆಗೂ ನಿಲ್ಲಿಸುವಂತಿಲ್ಲ. ಇದು ಮಂತ್ರಿ ಶಂಭುಲಿಂಗಯ್ಯನ ಏರ್ಪಾಡು.

ಒಂದು ದಿನ ನೇಕಾರರ ದುಗ್ಗಮ್ಮನನ್ನು ಆಸ್ಥಾನಕ್ಕೆ ಎಳೆತಂದರು. ಕೆರೆಯಲ್ಲಿ ನೂಲು ತೊಳೆಯಬಾರದೆಂಬ ಅಪ್ಪಣೆ ಮೀರಿದ್ದಳಂತೆ. ಶಿಕ್ಷೆ, ಮಗ್ಗ ಜಪ್ತಿ.

ಅವಳ ಗಂಡ ಕೈಮುಗಿದ. "ಬುದ್ಧೀ, ಇವಳಿಗೆ ಹುಟ್ಟಿದಾಗಿಂದ ಕಿವಿ ಕೇಳಾಕಿಲ್ಲ. ಓದಾಕೆ ಬತ್ತದೆ. ಪರದೆ ಮ್ಯಾಲೆ ನಿಮ್ ಮಾತು ಬರ್ದಿದ್ರೆ ಕೆರೆ ಕಡೆ ಹೋಯ್ತಾನೇ ಇರ್ಲಿಲ್ಲ. ಮಗ್ಗ ಕಿತ್ಕೊಂಡ್ರೆ ನಮ್ ಹೊಟ್ಟೆ ಮ್ಯಾಲೆ ಹೊಡ್ದಂಗೆ."

ಮಂತ್ರಿ ಗದರಿದ. "ಪ್ರಭುಗಳ ಗದ್ದದ ಮೇಲೆ ಅಕ್ಷರ ಓಡಾಡಬೇಕೇನು? ಕಿವಿ ಇದ್ದವರಿಗೆ ಅದರ ಗೊಡವೆ ಬೇಡ. ಕಿವಿ ಕೇಳದವರು ಅರ್ಜಿ ಕೊಡಲಿ, ವೈದ್ಯರು ಪರೀಕ್ಷಿಸಲಿ, ಆಮೇಲೆ ನೋಡೋಣ!"

ಆಸ್ಥಾನದ ಜಾಣ ತಿಪ್ಪರಸನಿಗೆ ಮೈ ಉರಿಯಿತು. ಆದರೂ ನಗುತ್ತ ಎದ್ದ. "ನಿಜ ಪ್ರಭು, ಇಲ್ಲಿರುವವರ ಕಿವಿಗಳೆಲ್ಲ ಬಲು ಚುರುಕು. ಈಗಲೇ ಒಂದು ಅಪ್ಪಣೆ ಹೊರಡಿಸಿ ನೋಡಬಾರದೆ?" ಎಂದವನೇ ದೊರೆಯ ಹತ್ತಿರ ಹೋಗಿ ಏನೋ ಉಸುರಿದ. ದೊರೆ ಖುಷಿಯಿಂದ ಒಳಗೆ ಹೋಗಿ ಹೊಸ ವಿಡಿಯೊ ಮಾಡಿಸಿಕೊಂಡು ಬಂದ.

ಆಸ್ಥಾನದ ಪರದೆಯ ಮೇಲೆ ದೊರೆಯ ಮುಖ ಮೂಡಿತು. ನಗಾರಿ ಗುಡುಗಿತು, ಕಹಳೆ ಕಿರುಚಿತು. ದೊರೆಯ ತುಟಿ ಅಲ್ಲಾಡಿದಷ್ಟು ಹೊತ್ತೂ ಸಭಿಕರೆಲ್ಲ ತಲೆದೂಗಿದರು. ಮುಖ ಮರೆಯಾದದ್ದೇ ತಡ, ಮಂತ್ರಿ ಕಣ್ಣೊರೆಸಿಕೊಂಡ. "ಎಂಥ ಮಾತು ಪ್ರಭು! ಕರುಳು ಚುರ್ರೆಂದಿತು!"

"ಮತ್ತೆ ನಿಮ್ಮ ಪೇಟ ಯಾಕೆ ಇನ್ನೂ ತಲೆಯ ಮೇಲಿದೆ?" ಎಂದ ದೊರೆ.

"ಪೇಟವೆ?"

"ತಕ್ಷಣ ಪೇಟ ತೆಗೆಯದವರ ಮನೆ ಜಪ್ತಿ ಅಂತಲ್ಲವೆ ನಾನು ಹೇಳಿದ್ದು!"

ಮಂತ್ರಿ ಗಬಕ್ಕನೆ ಪೇಟ ಕಿತ್ತು ಕಂಕುಳಿಗೆ ಸಿಕ್ಕಿಸಿಕೊಂಡ. "ನಗಾರಿ ಗದ್ದಲದಲ್ಲಿ ಒಂದು ಮಾತೂ ಕೇಳಿಸಲಿಲ್ಲ ಪ್ರಭು!"

"ಅಯ್ಯೋ ಪಾಪ!" ಎಂದ ತಿಪ್ಪರಸ. "ಅರ್ಜಿ ಕೊಡಿ ಸ್ವಾಮಿ, ವೈದ್ಯರು ನೋಡಲಿ."

ದೊರೆಯ ಮುಖ ಸಣ್ಣದಾಯಿತು. ಇಷ್ಟು ದಿನ ಆಡಿದ ಮಾತೆಲ್ಲ ನಗಾರಿಯ ಪಾಲಾಗಿತ್ತೆ! ದುಗ್ಗಮ್ಮನ ಮಗ್ಗ ಹಿಂದಕ್ಕೆ ಕೊಡಿಸಿದ, ಮಂತ್ರಿಯ ಮನೆಯನ್ನೂ ಜಪ್ತಿ ಮಾಡದೆ ಬಿಟ್ಟ. ಆಮೇಲೆ ಮೆತ್ತಗೆ ಕೇಳಿದ, "ತಿಪ್ಪರಸ, ನೀನೇ ಹೇಳಿಬಿಡು. ನನ್ನ ವಿಡಿಯೊಗೆ ಅಕ್ಷರ ಯಾವಾಗ ಬೇಕು, ಯಾವಾಗ ಬೇಡ?"

"ತಾವು ಬಾಯಿ ಬಿಟ್ಟಾಗಲೆಲ್ಲ ಬೇಕು ಪ್ರಭು. ಅಷ್ಟು ಕಷ್ಟ ಯಾಕೆ ಅನಿಸಿದ ದಿನ, ಬರೀ ಮುಖ ತೋರಿಸಿ ಸುಮ್ಮನಿದ್ದುಬಿಡಿ."