ಸಮಾಜಕ್ಕೆ ಹೋಗಿಬರುತ್ತೇನೆ

ಶ್ರಾವಣದ ಮೊದಲ ಗುರುವಾರ, ಮಧ್ಯಾಹ್ನ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ, ಹೊಳೆದಂಡೆಯ ಆಶ್ರಮದಲ್ಲಿ ನಲವತ್ತು ಜನರಿಗೆಂದು ಮಾಡಿದ್ದ ಉಪ್ಪಿಟ್ಟು ಆರಿ ಗಟ್ಟಿಯಾಯಿತು. ಸೌಟು ಊರಿದರೆ ಸೌಟು ತಾನಾಗಿ ನಿಂತುಕೊಂಡಿತು. ಪ್ರಾಣಹಾನಿ ಆಗಲಿಲ್ಲ. ಆಗುವುದಕ್ಕೆ ಅಲ್ಲಿ ಜನರೇ ಇರಲಿಲ್ಲ.

ಇದ್ದವರು ಇಬ್ಬರು. ಒಬ್ಬರು ಆಶ್ರಮದ ತಿಮ್ಮಾಜಮ್ಮ, ಎಂಬತ್ತು ದಾಟಿದವರು. ಇನ್ನೊಬ್ಬಳು ಅವರ ಶಿಷ್ಯೆ ಪ್ರಭಾಮಣಿ, ಊರಿನ ಮಹಿಳಾ ಸಮಾಜದ ಕಾರ್ಯದರ್ಶಿ, ಐವತ್ತಮೂರು ವರ್ಷದವಳು.

ಆಶ್ರಮ ಎಂದರೆ ಒಂದು ಹಜಾರ, ಎರಡು ಕೋಣೆ, ಹೊಳೆಗಿಳಿಯುವ ಮೆಟ್ಟಿಲು. ಹಜಾರದಲ್ಲಿ ಪ್ರತಿ ಗುರುವಾರ ಮೂರರಿಂದ ಐದರವರೆಗೆ ಸಮಾಜ ಸೇರುತ್ತಿತ್ತು. ಆಷಾಢದಲ್ಲಿ ರಜೆ, ಶ್ರಾವಣದಲ್ಲಿ ಹೊಸ ವರ್ಷ. ಮೂವತ್ತೆರಡು ವರ್ಷದಿಂದ ಹೀಗೇ ನಡೆದುಬಂದಿತ್ತು.

ಪ್ರಭಾಮಣಿ ಇಪ್ಪತ್ತೆರಡು ವರ್ಷದಿಂದ ತಿಮ್ಮಾಜಮ್ಮನ ಶಿಷ್ಯೆ. ಏನು ಕಲಿತಿರಿ ಎಂದು ಯಾರಾದರೂ ಕೇಳಿದರೆ ಹಾರ್ಮೋನಿಯಂ ಎನ್ನುತ್ತಿದ್ದಳು. ಹಾರ್ಮೋನಿಯಂ ಅವಳಿಗೆ ಬರುತ್ತಿರಲಿಲ್ಲ.

“ಎಲ್ಲರಿಗೂ ತಿಳಿಸಿದ್ದೆ ಅಮ್ಮಾ,” ಎಂದಳು. “ವಾಟ್ಸಾಪಿನಲ್ಲಿ ಹಾಕಿದ್ದೆ. ಮೂವತ್ತೆಂಟು ಜನ ಕೈಮುಗಿದಿದ್ದರು.”

“ಬರ್ತೀವಿ ಅಂದರಾ?”

“ಕೈಮುಗಿದರು.”

“ಹೊರಡುವಾಗಲೂ ಕೈಮುಗೀತಾರೆ ಪ್ರಭಾ.”

ತಿಮ್ಮಾಜಮ್ಮ ಉಪ್ಪಿಟ್ಟಿನ ಪಾತ್ರೆಯ ಒಂದು ಕಿವಿ ಹಿಡಿದು, ಇನ್ನೊಂದನ್ನು ಹಿಡಿ ಎಂದು ಕಣ್ಣಲ್ಲೇ ಹೇಳಿದರು. ಇಬ್ಬರೂ ಪಾತ್ರೆಯನ್ನು ಮೆಟ್ಟಿಲಿಗೆ ಒಯ್ದು ಹೊಳೆಗೆ ಬಗ್ಗಿಸಿದರು. ಹೆಂಟೆ ಹೆಂಟೆಯಾಗಿ ಬಿತ್ತು.

ನೀರು ಕುದಿದ ಹಾಗೆ ಮೀನುಗಳು ಮುತ್ತಿಕೊಂಡವು.

“ಮೀನಾದರೂ ಬಂದವಲ್ಲ,” ಎಂದಳು ಪ್ರಭಾಮಣಿ. ಕರೆಯದೆ ಬಂದವು ಎಂಬುದು ಅವಳಿಗೆ ಬಹಳ ನೋವಿನ ವಿಷಯವಾಗಿತ್ತು.

“ಅವಕ್ಕೆ ಹಸಿವು,” ಎಂದರು ತಿಮ್ಮಾಜಮ್ಮ.

ಮಾತಿನ ಅರ್ಥ ಅವಳಿಗೆ ಆಗಲಿಲ್ಲ. ಪಾತ್ರೆ ತಿಕ್ಕಿಟ್ಟು ಮನೆಗೆ ಹೋದಳು.

ಸಮಾಜ ನಡೆಯದೆ ಇದ್ದರೆ ಊರಿಗೆ ಏನೂ ಆಗುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು. ಆಗುವುದೆಲ್ಲ ಅವಳೊಬ್ಬಳಿಗೆ.

ಅವಳ ಗಂಡ ನಂಜರಾಜಯ್ಯ ಸರ್ವೆ ಇಲಾಖೆಯಿಂದ ನಿವೃತ್ತರಾದವರು. ಗದರಿದವರಲ್ಲ, ಕೈ ಎತ್ತಿದವರಲ್ಲ. ಅವಳು ಚಪ್ಪಲಿ ಮೆಟ್ಟಿದರೆ ಪೇಪರಿನಿಂದ ತಲೆ ಎತ್ತದೆ, “ಎಲ್ಲಿಗೆ?” ಎನ್ನುತ್ತಿದ್ದರು, ಅಷ್ಟೆ.

ತರಕಾರಿಗೆ ಎಂದರೆ, “ಗಾಡಿಯವನು ಬಾಗಿಲಿಗೇ ಬರ್ತಾನಲ್ಲ.”

ದೇವಸ್ಥಾನಕ್ಕೆ ಎಂದರೆ, “ಮನೇಲಿ ದೇವರಿಲ್ಲವಾ?”

ತಂಗಿಯ ಮನೆಗೆ ಎಂದರೆ, “ಫೋನು ಮಾಡು.”

ಒಂದು ಸಲ ಧೈರ್ಯ ಮಾಡಿ, “ಸುಮ್ಮನೆ ಹೊಳೆ ಕಡೆಗೆ,” ಎಂದಿದ್ದಳು. “ನೀರು ನೋಡಿಲ್ಲವಾ ನೀನು?” ಎಂದು ಅವರು ನಿಜವಾಗಿ ಆಶ್ಚರ್ಯಪಟ್ಟಿದ್ದರು. ಅವಳು ಒಳಗೆ ಹೋಗಿ ಸೀರೆ ಬದಲಿಸಿದ್ದಳು.

ಒಂದೇ ಒಂದು ಉತ್ತರಕ್ಕೆ ಅವರಲ್ಲಿ ಮರುಪ್ರಶ್ನೆ ಇರಲಿಲ್ಲ: “ಸಮಾಜಕ್ಕೆ.” ಯಾಕೆಂದರೆ ಸಮಾಜಕ್ಕೆ ಒಂದು ರಬ್ಬರ್ ಸ್ಟಾಂಪು ಇತ್ತು. ಸರ್ಕಾರಿ ನೌಕರಿ ಮಾಡಿದವರಿಗೆ ಸ್ಟಾಂಪಿನ ಬಗ್ಗೆ ಗೌರವ ಇರುತ್ತದೆ.

ಹಾಗಾಗಿ ವಾರಕ್ಕೆ ಎರಡು ಗಂಟೆ ಅವಳು ಹೊರಗಿರುತ್ತಿದ್ದಳು. ಆಷಾಢದ ನಾಲ್ಕು ಗುರುವಾರಗಳನ್ನು ಹಲ್ಲು ಕಚ್ಚಿ ಕಳೆದಿದ್ದಳು.

ಈಗ ನಿಯಮಾವಳಿ ಅಡ್ಡ ಬಂದಿತ್ತು. ಹದಿನಾಲ್ಕನೆಯ ನಿಯಮ ಹೀಗಿತ್ತು: ಒಂಬತ್ತು ಜನ ಸದಸ್ಯೆಯರಿಲ್ಲದೆ ಹೊಸ ವರ್ಷದ ಸಭೆ ಆರಂಭಿಸತಕ್ಕದ್ದಲ್ಲ, ಮೂರು ಗುರುವಾರ ಕಾದರೂ ಒಂಬತ್ತಾಗದಿದ್ದರೆ ಸಮಾಜವು ಬರಖಾಸ್ತಾದಂತೆ ತಿಳಿಯತಕ್ಕದ್ದು.

“ಇದನ್ನು ಯಾರು ಬರೆದರೋ,” ಎಂದು ಅವಳು ಮರುದಿನ ಸಮಾಜದ ನೆಪದಲ್ಲೇ ಆಶ್ರಮಕ್ಕೆ ಬಂದು ಗೋಳಾಡಿದಳು.

“ನಾನು,” ಎಂದರು ತಿಮ್ಮಾಜಮ್ಮ.

“ಯಾಕಮ್ಮಾ?”

“ಕಾಯೋದಕ್ಕೂ ಒಂದು ಕೊನೆ ಇರಲಿ ಅಂತ.”

“ನಿಯಮ ಬದಲಾಯಿಸೋಣ.”

“ಬದಲಾಯಿಸಬಹುದು. ಅದಕ್ಕೆ ಇಪ್ಪತ್ತು ಜನರ ಸಭೆ ಬೇಕು.”

ಪ್ರಭಾಮಣಿ ತಲೆ ತಗ್ಗಿಸಿ ಕೂತಳು.

“ಮನೆಮನೆಗೆ ಹೋಗಿ ಕರೆದೆಯಾ?” ಎಂದು ಕೇಳಿದರು ತಿಮ್ಮಾಜಮ್ಮ.

ಕರೆದಿರಲಿಲ್ಲ. ಫೋನು ಬಂದ ಮೇಲೆ ಅದೊಂದು ಪದ್ಧತಿ ತಪ್ಪಿಹೋಗಿತ್ತು.

ಸಮಾಜದ ಕೆಲಸ ಎಂದು ಮನೆಯಲ್ಲಿ ಹೇಳಿ, ಕುಂಕುಮದ ಭರಣಿ ಹಿಡಿದು ನಾಲ್ಕು ದಿನ ಬೀದಿ ಬೀದಿ ಸುತ್ತಿದಳು. ನಿಜ ಹೇಳಬೇಕೆಂದರೆ ಆ ನಾಲ್ಕು ದಿನ ಅವಳು ಸುಖವಾಗಿದ್ದಳು.

ಎಲ್ಲರೂ ಒಳಗೆ ಕರೆದರು, ಕಾಫಿ ಕೊಟ್ಟರು, ನೀವು ಇಳಿದುಹೋಗಿದ್ದೀರಿ ಎಂದರು. ಖಂಡಿತ ಬರ್ತೀವಿ ಎಂದರು.

ಬರುವುದಿಲ್ಲ ಎಂದವಳು ಪದ್ಮಾಕ್ಷಿ ಒಬ್ಬಳೇ. ಹದಿನೈದು ವರ್ಷ ಸಮಾಜದಲ್ಲಿ ಪ್ರಾರ್ಥನೆ ಹಾಡಿದವಳು. ಈಗ ಸ್ಕೂಟರಿನ ಮೇಲೆ ಕೂತು ಹೆಲ್ಮೆಟ್ ಪಟ್ಟಿ ಬಿಗಿಯುತ್ತಿದ್ದಳು.

“ರೀ ಪ್ರಭಾಮಣಿ, ಬೇಜಾರು ಮಾಡ್ಕೋಬೇಡಿ. ಅಲ್ಲಿ ಏನು ಮಾಡ್ತೀವಿ ಹೇಳಿ? ಹಾಡ್ತೀವಿ, ಉಪ್ಪಿಟ್ಟು ತಿಂತೀವಿ, ಮುಂದಿನ ವಾರ ಬರೋಣ ಅಂತೀವಿ.”

“ಮತ್ತೆ ಅಷ್ಟು ವರ್ಷ ಬಂದಿರಲ್ಲ?”

“ಆಗ ನಮ್ಮತ್ತೆ ಇದ್ದರು.”

“ಅತ್ತೆ ಹೋದ ಮೇಲೆ?”

“ಹೋದ ಮೇಲೆ ಸ್ಕೂಟರು ಕಲಿತೆ. ಸೋಮವಾರ ಈಜು, ಬುಧವಾರ ಮೈಸೂರು, ಶನಿವಾರ ಗೆಳತಿಯರ ಜೊತೆ ಸಿನಿಮಾ. ನೀವೂ ಬನ್ನಿ ಒಂದಿನ, ಹಿಂದೆ ಕೂರಿಸ್ಕೊಂಡು ಹೋಗ್ತೀನಿ.”

“ನೋಡೋಣ,” ಎಂದಳು ಪ್ರಭಾಮಣಿ. ಕೈಯಲ್ಲಿ ಭರಣಿ ಇದ್ದುದರಿಂದ ಕೈಮುಗಿಯಲು ಆಗಲಿಲ್ಲ.

ಎರಡನೆಯ ಗುರುವಾರ ನಾಲ್ವರು ಬಂದರು. ಅವಳೂ ಸೇರಿ ಐದು. ಜಮಖಾನದ ನಾಲ್ಕು ಅಂಚಿನಲ್ಲಿ ಗೋಡೆಗೆ ಒರಗಿ ಕೂತು, ಯಾರಿಗೆ ಯಾವ ಕಾಲು ನೋವು ಎಂದು ಮಾತಾಡಿ, ನಾಲ್ಕು ಗಂಟೆಗೆಲ್ಲ ಎದ್ದುಹೋದರು.

ಅವರು ಹೋದ ಮೇಲೆ ಪ್ರಭಾಮಣಿ ಗುರುವಿನ ಎದುರು ಕೂತಳು.

“ನನ್ನಲ್ಲಿ ಏನೋ ಕೊರತೆ ಇದೆ ಅಮ್ಮಾ. ನಿಮ್ಮ ಕಾಲದಲ್ಲಿ ಹಜಾರ ಸಾಲದೆ ಮೆಟ್ಟಿಲ ಮೇಲೆ ಕೂರುತ್ತಿದ್ದರು. ನೀವು ಹೇಗೆ ಕರೆಯುತ್ತಿದ್ದಿರಿ?”

“ಕರೀತಿರಲಿಲ್ಲ.”

“ಮತ್ತೆ ಬರುತ್ತಿದ್ದರಲ್ಲ?”

“ಬೇರೆ ಎಲ್ಲಿಗೂ ಬಿಡ್ತಿರಲಿಲ್ಲ ಅವರನ್ನ.”

ಹೊಳೆಯ ಆಚೆ ದಡದಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು. ಬಟ್ಟೆ ಬಡಿದದ್ದು ಕಾಣಿಸಿದ ಮೇಲೆ ಸದ್ದು ಬರುತ್ತಿತ್ತು.

“ಈಗ ಎಲ್ಲಿಗೆ ಬೇಕಾದರೂ ಹೋಗ್ತಾರೆ,” ಎಂದಳು ಪ್ರಭಾಮಣಿ.

“ಹೋಗ್ತಾರೆ.”

“ಅದು ಒಳ್ಳೆಯದೇ ಅಲ್ಲವಾ?”

“ಬಹಳ ಒಳ್ಳೆಯದು. ಅದಕ್ಕೇ ಯಾರೂ ಬರ್ತಿಲ್ಲ.”

“ನಾನು?” ಎಂದಳು ಪ್ರಭಾಮಣಿ.

ತಿಮ್ಮಾಜಮ್ಮ ಎದ್ದು ಜಮಖಾನದ ಒಂದು ತುದಿ ಹಿಡಿದರು. ಅವಳು ಇನ್ನೊಂದು ತುದಿ ಹಿಡಿದಳು. ಇಬ್ಬರೂ ಅದನ್ನು ಮಡಿಸಿ ಮೂಲೆಗಿಟ್ಟರು. ಅದು ಉತ್ತರವೋ ಕೆಲಸವೋ ಅವಳಿಗೆ ಗೊತ್ತಾಗಲಿಲ್ಲ.

ಮೂರನೆಯ ಗುರುವಾರಕ್ಕೆ ಅವಳು ಕರೆಯಲಿಲ್ಲ, ಬೇಡಿಕೊಂಡಳು. ಒಬ್ಬರ ಮನೆಯಲ್ಲಿ ಕಣ್ಣೀರೂ ಹಾಕಿದಳು. ಅವರು ಗಾಬರಿಯಾಗಿ, ಯಾರಾದರೂ ತೀರಿಕೊಂಡರೇ ಎಂದು ಕೇಳಿದರು.

ಗಂಟೆ ಮೂರಾಗುವಾಗ ಅವಳೂ ಸೇರಿ ಐದು ಜನ ಇದ್ದರು. ಮೂರೂವರೆಗೆ ಏಳು. ನಾಲ್ಕು ಗಂಟೆಗೆ ಸಾಕಮ್ಮ ಕೋಲೂರಿಕೊಂಡು ಬಂದರು. ಸಮಾಜಕ್ಕೆಲ್ಲ ಹಿರಿಯ ಸದಸ್ಯೆ. ಹಜಾರದ ಮೂರು ಮೆಟ್ಟಿಲು ಹತ್ತಲು ಐದು ನಿಮಿಷ ಹಿಡಿಯಿತು.

“ಎಂಟು,” ಎಂದಳು ಪ್ರಭಾಮಣಿ.

ಎಲ್ಲರೂ ಬಾಗಿಲು ನೋಡುತ್ತ ಕೂತರು. ನಾಲ್ಕೂವರೆ ಆಯಿತು. ಐದಕ್ಕೆ ಹತ್ತು ನಿಮಿಷ ಉಳಿಯಿತು.

“ಅಮ್ಮಾ, ನೀವು ಸೇರಿದರೆ ಒಂಬತ್ತು.”

“ನಾನು ಯಾವತ್ತೂ ಸದಸ್ಯೆಯಾಗಲಿಲ್ಲವಲ್ಲ,” ಎಂದರು ತಿಮ್ಮಾಜಮ್ಮ. ಅವರು ಮೂಲೆಯಲ್ಲಿ ಕೂತು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು.

“ಏ ಹುಡುಗಿ,” ಎಂದರು ಸಾಕಮ್ಮ, ಐವತ್ತಮೂರರ ಪ್ರಭಾಮಣಿಗೆ. “ಸುಂದರಮ್ಮನ ಹೆಸರು ಬರಿ. ಮಗಳ ಬಾಣಂತನಕ್ಕೆ ಹಾಸನಕ್ಕೆ ಹೋಗಿದಾಳೆ, ಬಂದಮೇಲೆ ಸಹಿ ಹಾಕ್ತಾಳೆ. ಅವಳೇನು ಬೇಡ ಅಂತಾಳಾ?”

“ಹೌದು ಬರೀರಿ,” ಎಂದರು ಉಳಿದವರು. “ಯಾರು ಬಂದು ನೋಡ್ತಾರೆ?”

ಹಾಜರಿ ಪುಸ್ತಕ ತೆರೆದಿತ್ತು. ಪೆನ್ನು ಕೈಯಲ್ಲಿತ್ತು. ಎಂಟು ಹೆಸರಿನ ಕೆಳಗೆ ಒಂದು ಖಾಲಿ ಗೆರೆ.

ಪ್ರಭಾಮಣಿ ಗುರುವಿನ ಕಡೆ ನೋಡಿದಳು. ಅವರು ಕತ್ತೆತ್ತಲಿಲ್ಲ. ಗುರುಗಳು ಸುಮ್ಮನಿದ್ದರೆ ಅದು ಶಿಷ್ಯರಿಗೆ ಪರೀಕ್ಷೆ ಎಂದು ಅವಳು ಎಲ್ಲೋ ಓದಿದ್ದಳು. ಇದು ಇಪ್ಪತ್ತೆರಡು ವರ್ಷದಲ್ಲಿ ಅವಳಿಗೆ ಒದಗಿಬಂದ ಮೊದಲ ಪರೀಕ್ಷೆ.

“ಇಲ್ಲದವರನ್ನು ಇದ್ದಾರೆ ಅಂತ ಬರೆಯಲಾರೆ,” ಎಂದಳು. ಪೆನ್ನಿನ ಮುಚ್ಚಳ ಹಾಕಿದಳು.

“ಸತ್ಯವಂತೆ,” ಎಂದರು ಸಾಕಮ್ಮ, ಕೋಲು ಹುಡುಕುತ್ತ. “ಇವಳಿಗೊಂದು ಹಾರ ತರಿಸ್ರೇ. ನನ್ನನ್ನ ಮೆಟ್ಟಿಲು ಹತ್ತಿಸಿದ್ದು ಇದಕ್ಕಾ?”

ಗಂಟೆ ಐದು ಹೊಡೆಯಿತು. ಒಬ್ಬೊಬ್ಬರಾಗಿ ಎದ್ದರು. ಇಬ್ಬರು ಅವಳ ಭುಜ ತಟ್ಟಿದರು. ಒಬ್ಬರು ಹೋಗುವಾಗ ಫ್ಯಾನು ಆರಿಸಿದರು.

ಪ್ರಭಾಮಣಿ ಗುರುವಿನ ಎದುರು ಬಂದು ನಿಂತಳು. ಏನನ್ನೋ ನಿರೀಕ್ಷಿಸುತ್ತಿದ್ದಳು. ಒಂದು ನಗು, ಇಲ್ಲವಾದರೆ ತಲೆಯ ಮೇಲೆ ಒಂದು ಕೈ.

ತಿಮ್ಮಾಜಮ್ಮ ಬತ್ತಿಗಳನ್ನು ಡಬ್ಬಿಗೆ ತುಂಬಿದರು.

“ಸತ್ಯ ಉಳೀತು,” ಎಂದರು. “ಬೀಗ ಎಲ್ಲಿಟ್ಟಿದ್ದೀಯ?”

“ಅದು ಪರೀಕ್ಷೆ ಆಗಿರಲಿಲ್ಲವಾ ಅಮ್ಮಾ?”

“ಯಾವುದು?”

“ನೀವು ಸುಮ್ಮನಿದ್ದದ್ದು.”

“ನಾನು ಬತ್ತಿ ಹೊಸೀತಿದ್ದೆ.”

ಪ್ರಭಾಮಣಿ ಹಾಜರಿ ಪುಸ್ತಕದ ಕೊನೆಯ ಪುಟದಲ್ಲಿ, ನಿಯಮ ಹದಿನಾಲ್ಕರಂತೆ ಸಮಾಜವು ಬರಖಾಸ್ತಾಗಿದೆ ಎಂದು ಬರೆದಳು. ಅಕ್ಷರ ದುಂಡಗೆ ಬಂತು. ಕೆಳಗೆ ಸಹಿ ಹಾಕಿ ರಬ್ಬರ್ ಸ್ಟಾಂಪು ಒತ್ತಿದಳು. ಹಜಾರಕ್ಕೆ ಬೀಗ ಹಾಕಿ, ಕೀಲಿಯನ್ನೂ ಸ್ಟಾಂಪನ್ನೂ ತಿಮ್ಮಾಜಮ್ಮನ ಕೈಗೆ ಕೊಟ್ಟಳು.

ಮನೆಯಲ್ಲಿ ಗಂಡ ಕೇಳಲಿಲ್ಲ, ಅವಳು ಹೇಳಲಿಲ್ಲ.

ಮುಂದಿನ ವಾರ ಅವಳು ತರಕಾರಿ ಹೆಚ್ಚಿದಳು, ಬೇಳೆ ಆರಿಸಿದಳು, ಆರಿಸಿದ ಬೇಳೆಯನ್ನೇ ಮತ್ತೊಮ್ಮೆ ಆರಿಸಿದಳು. ಬುಧವಾರ ತಂಗಿಗೆ ಫೋನು ಮಾಡಿ ಏನೂ ಹೇಳಲು ತೋಚದೆ ಇಟ್ಟಳು. ಮುಂದಿನ ಆಷಾಢದವರೆಗೆ ಎಷ್ಟು ಗುರುವಾರ, ಅದರಾಚೆ ಎಷ್ಟು ಎಂದು ಯೋಚಿಸಿದಳು. ಅವಳ ತಾಯಿ ತೊಂಬತ್ತೊಂದು ವರ್ಷ ಬದುಕಿದ್ದರು. ಆ ವಂಶದಲ್ಲಿ ಹೆಂಗಸರು ಬೇಗ ಸಾಯುವುದಿಲ್ಲ ಎಂದು ಊರವರು ಹೊಗಳುತ್ತಿದ್ದರು.

ನಾಲ್ಕನೆಯ ಗುರುವಾರ ಎರಡೂವರೆಗೆ ಅವಳ ಕೈ ತಾನಾಗಿ ಬೀರುವಿನಿಂದ ನೀಲಿ ಸೀರೆ ತೆಗೆಯಿತು. ಉಟ್ಟ ಮೇಲೆ ಅವಳಿಗೆ ಎಚ್ಚರವಾಯಿತು. ಬಿಚ್ಚಲು ಮನಸ್ಸು ಬರಲಿಲ್ಲ. ಚಪ್ಪಲಿ ಮೆಟ್ಟಿದಳು.

“ಎಲ್ಲಿಗೆ?” ಎಂದರು ನಂಜರಾಜಯ್ಯ ಪೇಪರಿನ ಹಿಂದಿನಿಂದ.

“ಸಮಾಜಕ್ಕೆ.”

ಪೇಪರಿನ ಪುಟ ಮಗುಚಿದ ಸದ್ದಾಯಿತು. ಅಷ್ಟೆ.

ಅವಳು ಬೀದಿಯ ತಿರುವಿನವರೆಗೆ ನಡೆದಳು, ಅಲ್ಲಿಂದ ಓಡಿದ ಹಾಗೆ ಹೋದಳು. ಆಶ್ರಮದ ಹಜಾರಕ್ಕೆ ಬೀಗ ನೇತಾಡುತ್ತಿತ್ತು. ತಿಮ್ಮಾಜಮ್ಮ ಹೊಳೆಯ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಿದ್ದರು. ಅವಳನ್ನು ನೋಡಿ ಸ್ವಲ್ಪ ಸರಿದು ಜಾಗ ಮಾಡಿದರು.

ಪ್ರಭಾಮಣಿ ಕೂತಳು.

“ಸುಳ್ಳು ಹೇಳಿ ಬಂದೆ ಅಮ್ಮಾ. ಸಮಾಜಕ್ಕೆ ಅಂದೆ.”

“ಹೂಂ.”

“ಅವತ್ತು ಪುಸ್ತಕದಲ್ಲಿ ಒಂದು ಹೆಸರು ಬರೆಯಲಾರೆ ಅಂದವಳು ನಾನು.”

“ಹೂಂ.”

“ಊರಲ್ಲೆಲ್ಲ ಗೊತ್ತು, ಸಮಾಜ ಮುಚ್ಚಿತು ಅಂತ. ಇವತ್ತಲ್ಲ ನಾಳೆ ಅವರ ಕಿವಿಗೂ ಬೀಳುತ್ತೆ. ಮುಂದಿನ ವಾರ ಏನು ಹೇಳಲಿ?”

ತಿಮ್ಮಾಜಮ್ಮ ನೀರಿನಲ್ಲಿ ಕಾಲಾಡಿಸಿದರು.

“ಇಲ್ಲದ ಸಮಾಜಕ್ಕೆ ಎಷ್ಟು ದಿನ ಅಂತ ಬರೋದಕ್ಕಾಗುತ್ತೆ ಅಮ್ಮಾ?”

“ನಾನು ಆರು ವರ್ಷ ಬಂದೆ,” ಎಂದರು ತಿಮ್ಮಾಜಮ್ಮ. “ಏಳನೆಯ ವರ್ಷ ನಮ್ಮ ಯಜಮಾನರು ತೀರಿಕೊಂಡರು. ಸಮಾಜ ಶುರುವಾದದ್ದು ಆಮೇಲೆ.”