ಹಣೆಯ ಮೇಲಿನ ಚೀಟಿ

ವಿದ್ಯುತ್ ಉಪಕೇಂದ್ರವೊಂದರ ಗೋಡೆಯಲ್ಲಿ ಒಂದು ವೋಲ್ಟ್‌ಮೀಟರ್ ಇತ್ತು. ಅಂಗಳದಲ್ಲಿ ನಿಂತ ಮುದಿ ಟ್ರಾನ್ಸ್‌ಫಾರ್ಮರಿಗೆ ಎಷ್ಟು ವೋಲ್ಟೇಜ್ ಬರುತ್ತಿದೆಯೆಂದು ತೋರಿಸುವುದೇ ಅದರ ಕೆಲಸ. ವರ್ಷಕ್ಕೊಮ್ಮೆ ಪೆಟ್ಟಿಗೆಯಲ್ಲಿ, ಬೇರೆ ಮೀಟರುಗಳನ್ನು ಒರೆಗೆ ಹಚ್ಚುವ ಒರೆಮೀಟರ್ ಬರುತ್ತಿತ್ತು. ಎರಡನ್ನೂ ತಾಳೆ ನೋಡಿ, ‘ಸರಿಯಿದೆ’ ಎಂಬ ಚೀಟಿಯನ್ನು ಇದರ ಹಣೆಗೆ ಅಂಟಿಸುವುದು ವಾಡಿಕೆ. ಮೂರು ವರ್ಷಗಳಿಂದ ಪೆಟ್ಟಿಗೆ ಬಂದಿರಲಿಲ್ಲ. ಯಾರೋ ಒಬ್ಬ ಬಂದು ಹಳೆಯ ಚೀಟಿಯ ಮೇಲೆ ಹೊಸದನ್ನು ಅಂಟಿಸಿ, ಚಹಾ ಕುಡಿದು ಹೋಗುತ್ತಿದ್ದ.

ಒಂದು ಮಧ್ಯಾಹ್ನ ಟ್ರಾನ್ಸ್‌ಫಾರ್ಮರ್ ಕೂಗಿತು: “ತಮ್ಮಾ, ಮೈಯೆಲ್ಲ ಸುಡುತ್ತಿದೆ. ವೋಲ್ಟೇಜ್ ಹೆಚ್ಚಾಗಿದೆ ಅಂತ ಒಳಗಿನವರಿಗೆ ತೋರಿಸಪ್ಪ.”

ಮೀಟರ್ ತನ್ನ ಮುಳ್ಳನ್ನು ನೋಡಿಕೊಂಡಿತು. “ಎಂದಿನಂತೆ ನೂರಹತ್ತು ಸಾವಿರ ವೋಲ್ಟೇ ಇದೆಯಲ್ಲಣ್ಣ. ವಯಸ್ಸಾಯಿತು, ನಿನಗೆ ಹಾಗನ್ನಿಸುತ್ತದೆ.”

“ನನ್ನ ಮೈ ಉರಿ ನನಗೆ ಗೊತ್ತಾಗದೇನೋ?”

“ನನ್ನ ಹಣೆಯ ಮೇಲೆ ಚೀಟಿಯಿದೆ. ನಿನ್ನ ಹತ್ತಿರ ಏನಿದೆ?”

ಟ್ರಾನ್ಸ್‌ಫಾರ್ಮರ್ ನಾಲ್ಕನೆಯ ದಿನ ಸುಟ್ಟುಹೋಯಿತು.

ಆಮೇಲೆ ಪೆಟ್ಟಿಗೆ ಬಂತು. ಒರೆಮೀಟರ್ ತಾಳೆ ನೋಡಿ ಮೆಲ್ಲಗೆ ಹೇಳಿತು: “ಹದಿನಾಲ್ಕು ಸಾವಿರ ಕಡಿಮೆ ತೋರಿಸುತ್ತಿದ್ದೀಯ, ಮಗೂ.”

“ಹಾಗಾದರೆ ಅಣ್ಣ ಹೇಳಿದ್ದು?”

“ನಿಜ.”

“ಮತ್ತೆ ಈ ಚೀಟಿ?”

“ನಾನು ಬಾರದೆಯೇ ಅಂಟಿಸಿದ್ದು.”

ಬಂದವರು ಮುಳ್ಳನ್ನು ತಿದ್ದಿದರು, ಹೊಸ ಚೀಟಿ ಅಂಟಿಸಿದರು, ಹೋದರು. ಮೀಟರ್ ಅಂಗಳದ ಕಡೆಗೆ ತಿರುಗಿ “ಅಣ್ಣಾ” ಎಂದು ಕರೆಯಿತು. ಅಲ್ಲಿ ಎಣ್ಣೆಯ ಕಲೆ ಬಿಟ್ಟರೆ ಏನೂ ಇರಲಿಲ್ಲ. ಮುಳ್ಳು ಸೊನ್ನೆಯ ಮೇಲೆ ನಿಂತಿತ್ತು. ಈ ಸಲ ಅದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ.