ಬಂಡೆಗೆ ಪಾಠ ಹೇಳಿದ ನರಿ

ತೇಗದ ಮರಗಳೇ ತುಂಬಿದ್ದ ಒಂದು ಕಾಡಿನಲ್ಲಿ ಒಂದು ಗವಿಯಿತ್ತು. ಪಕ್ಕದ ಕಿಂಡಿಯಿಂದ ಸಂಜೆಯ ಬಿಸಿಲು ತೂರಿ ಒಳಗಿನ ಬಂಡೆಯ ಮೇಲೆ ಬೀಳುತ್ತಿತ್ತು. ಪ್ರಾಣಿಗಳು ತೇಗದ ಎಲೆಯನ್ನು ಕಚ್ಚಿ ತೂತು ಮಾಡಿ ಆ ಕಿಂಡಿಗೆ ಹಿಡಿಯುತ್ತಿದ್ದವು. ಬಂಡೆಯ ಮೇಲೆ ಬೆಳಕಿನ ಚಿತ್ರ ಮೂಡುತ್ತಿತ್ತು. ಬೇಸಿಗೆಯಲ್ಲಿ ನೀರು ಎಲ್ಲಿ ಉಳಿದಿದೆ ಎಂದು ಬಲ್ಲವರು ಉಳಿದವರಿಗೆ ಹೀಗೆ ತೋರಿಸುವುದು ಅಲ್ಲಿನ ರೂಢಿ.

ಆ ವರ್ಷ ತೋರಿಸುವ ಕೆಲಸವನ್ನು ಜಾಣಪ್ಪ ಎಂಬ ನರಿ ತಾನೇ ಮೈಮೇಲೆ ಹಾಕಿಕೊಂಡಿತು. ದಿನಾ ಅರವತ್ತು ಎಲೆ ಹೊತ್ತು ತರುತ್ತಿತ್ತು. ಒಂದೊಂದು ಎಲೆಯೂ ಜರಡಿ! ಅಷ್ಟು ಚಿತ್ರ ತುರುಕಿತ್ತು. ಕೇಳುವವರಿಗೆ ಬೆನ್ನು ಹಾಕಿ, ಬಂಡೆ ನೋಡುತ್ತಾ, ಒಂದೇ ರಾಗದಲ್ಲಿ ಓದುತ್ತಿತ್ತು. ಹತ್ತನೇ ಎಲೆಯ ಹೊತ್ತಿಗೆ ಎಲ್ಲರಿಗೂ ತೂಕಡಿಕೆ. ನೀರಿನ ಜಾಗ ಮಾತ್ರ ಯಾರಿಗೂ ತಿಳಿಯುತ್ತಿರಲಿಲ್ಲ. ಬಾಯಾರಿದವರು ಮರುದಿನ ಮತ್ತೆ ಬರಲೇಬೇಕಿತ್ತು.

ಎಲೆ ಬದಲಿಸುವಾಗ ನರಿ ಬಾಲದಿಂದ ಕಿಂಡಿ ಮುಚ್ಚುತ್ತಿತ್ತು. ಒಂದು ಕ್ಷಣ ಕಗ್ಗತ್ತಲು. ಬೆಳಕು ಬಂದಾಗ ಒಂದು ಜಾಗ ಖಾಲಿ! ಮೊದಲ ದಿನ ಅಳಿಲು ಇರಲಿಲ್ಲ. ಎರಡನೇ ದಿನ ಕಾಡುಕೋಳಿ.

"ಬೇಜಾರಾಗಿ ಎದ್ದು ಹೋಗಿರಬೇಕು, ಪಾಪ" ಎಂದಿತು ನರಿ, ತಿರುಗಿಯೂ ನೋಡದೆ.

ಮೂರನೇ ದಿನ ಸಣ್ಣವ್ವ ಎಂಬ ಮೊಲದ ತಂಗಿಯೇ ಕಾಣಲಿಲ್ಲ. ತಂಗಿ ಕುಳಿತಿದ್ದ ನೆಲ ಇನ್ನೂ ಬೆಚ್ಚಗಿತ್ತು. ಪಕ್ಕದ ಧೂಳಿನಲ್ಲಿ ದೊಡ್ಡದೊಂದು ಹೆಜ್ಜೆ. ಸಣ್ಣವ್ವನಿಗೆ ಎಲ್ಲವೂ ಅರ್ಥವಾಯಿತು. ಗವಿಯ ಬಾಗಿಲಲ್ಲಿ ಹೊಂಚು ಹಾಕಿದ ಚಿರತೆ, ನರಿ ಕತ್ತಲು ಮಾಡಿದಾಗ ಒಬ್ಬರನ್ನು ಕಚ್ಚಿಕೊಂಡು ಹೋಗುತ್ತಿತ್ತು, ಉಳಿದ ಮೂಳೆ ನರಿಗೆ ಸಿಗುತ್ತಿತ್ತು. ನಾಚಿಕೆಗೆಟ್ಟ ವ್ಯಾಪಾರ!

ಸಣ್ಣವ್ವ ಬಿಲದಲ್ಲಿ ಕೂತು ಅಳುತ್ತಲೇ ಒಂದು ಎಲೆ ಕಚ್ಚಿತು. ಹೇಳಬೇಕಾದ ಮಾತನ್ನು ಮೂರು ಸಲ ಹೇಳಿಕೊಂಡು ನೋಡಿತು.

ಮರುದಿನ ಎಲ್ಲರೂ ಸೇರಿದಾಗ ಮುಂದೆ ಬಂತು. "ಜಾಣಣ್ಣ, ಮೊದಲು ನಾನು ತೋರಿಸ್ತೀನಿ."

"ಎಷ್ಟು ಎಲೆ ತಂದಿದ್ದೀಯವ್ವ?"

"ಒಂದೇ."

"ಒಂದರಲ್ಲಿ ಏನು ಹೇಳೋಕಾಗುತ್ತೆ?" ನರಿ ನಕ್ಕು ಕಿಂಡಿ ಬಿಟ್ಟುಕೊಟ್ಟಿತು.

ಸಣ್ಣವ್ವ ಎಲೆಯನ್ನು ಕಿಂಡಿಗೆ ಸಿಕ್ಕಿಸಿ ಎಲ್ಲರ ಕಡೆ ಮುಖ ಮಾಡಿ ನಿಂತಿತು. ಬಂಡೆಯ ಮೇಲೆ ಒಂದೇ ಒಂದು ಹೆಜ್ಜೆ ಮೂಡಿತು. ಕೊನೆಯ ಸಾಲಿನ ಮುಳ್ಳುಹಂದಿ ಅಜ್ಜನಿಗೂ ಕಾಣುವಷ್ಟು ದೊಡ್ಡದು.

"ಇದು ಯಾರದು?" ಎಂದು ಕೇಳಿ ಎಲ್ಲರ ಮುಖ ನೋಡಿತು.

ತೂಕಡಿಸುತ್ತಿದ್ದವರ ಕಿವಿ ನೆಟ್ಟಗಾಯಿತು. "ಚಿರತೇದು! ಎಲ್ಲಿ ಕಂಡೆ ಮಗಳೇ?" ಎಂದ ಅಜ್ಜ.

ಕೇಳುವವರ ಮುಖ ನೋಡುತ್ತಿದ್ದುದರಿಂದ ಅವರ ಹಿಂದಿನ ಕತ್ತಲೂ ಸಣ್ಣವ್ವನಿಗೆ ಕಂಡಿತು. ಅಲ್ಲಿ ಎರಡು ಹಳದಿ ಕಣ್ಣುಗಳು. ಒಮ್ಮೆಯೂ ರೆಪ್ಪೆ ಬಡಿಯಲಿಲ್ಲ.

"ನಿಮ್ಮ ಹಿಂದೆ" ಎಂದಿತು ಸಣ್ಣವ್ವ. ಮಾತು ತಪ್ಪಲಿಲ್ಲ. "ಓಡಬೇಡಿ. ಎಡಗಡೆ ಸಂದಿಯಿಂದ ಒಬ್ಬೊಬ್ಬರೇ ಹೊರಗೆ ಹೋಗಿ. ನಾನು ಅದನ್ನೇ ನೋಡ್ತಿರ್ತೀನಿ."

ಹೊಂಚು ಬಯಲಾದ ಚಿರತೆ ಸಣ್ಣವ್ವನ ನೆಟ್ಟ ನೋಟದ ಮುಂದೆ ಅಲುಗಲಿಲ್ಲ. ಒಬ್ಬೊಬ್ಬರೇ ನುಸುಳಿದರು.

ನರಿಗೆ ಸಿಟ್ಟು ನೆತ್ತಿಗೇರಿತು. "ಅದು ಬರೀ ನೆರಳು, ಕೂತ್ಕೊಳ್ಳಿ! ಪೂರ್ತಿ ವಿವರ ನನ್ನ ಹತ್ರ ಇದೆ" ಎನ್ನುತ್ತಾ ಬಂಡೆಯ ಕಡೆ ತಿರುಗಿ ಮೊದಲ ಎಲೆಯಿಂದ ಶುರು ಮಾಡಿತು. ಸಣ್ಣವ್ವ ಕೊನೆಯದಾಗಿ ಹಿಂದಡಿ ಇಡುತ್ತಾ ಸಂದಿಯಿಂದ ಹೊರಬಿತ್ತು. ಗವಿ ಖಾಲಿಯಾದದ್ದು ನರಿಗೆ ಗೊತ್ತಾಗಲೇ ಇಲ್ಲ. ಬೆನ್ನ ಹಿಂದೆ ಯಾರದೋ ಉಸಿರು ಕೇಳಿಸಿತು. ಯಾರೋ ಹತ್ತಿರ ಬಂದು ಕೇಳುತ್ತಿದ್ದಾರೆ ಎಂದು ಹಿಗ್ಗಿ ಇನ್ನೂ ಜೋರಾಗಿ ಓದಿತು. ಹಸಿದ ಚಿರತೆಗೆ ಗೆಳೆತನ ಎಲ್ಲಿಂದ ಬರಬೇಕು?

ನರಿ ಎಲೆ ಬದಲಿಸಲು ಬಾಲದಿಂದ ಕಿಂಡಿ ಮುಚ್ಚಿತು.

ಹೊರಗೆ ಪೊದೆಯಲ್ಲಿ ನಿಂತವರಿಗೆ ಅದೇ ರಾಗ ಕೇಳಿಸುತ್ತಿತ್ತು. ಅರ್ಧ ಪದದಲ್ಲಿ ಅದು ನಿಂತಿತು. ಎಷ್ಟು ಕಾದರೂ ಉಳಿದ ಅರ್ಧ ಬರಲಿಲ್ಲ.

ನೀತಿ: ಚಿತ್ರ ತೋರಿಸಿ ಮಾತಾಡುವವರು ಹೇಳಬೇಕಾದ್ದನ್ನು ಚಿಕ್ಕದಾಗಿ, ಎಲ್ಲರಿಗೂ ಕಾಣುವಂತೆ, ಕೇಳುವವರ ಮುಖ ನೋಡಿ ಹೇಳಬೇಕು, ಕೇಳುವವರ ಕಣ್ಣಿಗೆ ಮಂಕು ಕವಿಸಿ ಲಾಭ ಮಾಡಿಕೊಳ್ಳಲು ಹೊರಟವನು ತನ್ನ ಬೆನ್ನ ಹಿಂದಿನ ಅಪಾಯವನ್ನೇ ಕಾಣಲಾರ.